ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ಸ್: ತೆಗೆದಷ್ಟೂ ಮತ್ತೆ ಬರುತ್ತವೆ, ನೀವೆಲ್ಲ ಏನು ಮಾಡುತ್ತೀರಿ?

ತಿಪಟೂರು_ಕೊಬ್ಬರಿ
ಎಲ್ಲರಿಗೂ ನಮಸ್ಕಾರ. ವಯಸ್ಸು 26, ಬೆಂಗಳೂರಲ್ಲಿ ಕೆಲಸ. ಮುಖದಲ್ಲಿ ಮೊಡವೆ ಅಂತ ಹೇಳಿಕೊಳ್ಳುವಷ್ಟು ಇಲ್ಲ, ಕಾಟ ಮೂಗಿನದ್ದು ಮಾತ್ರ. ತುದಿಯಲ್ಲಿ ಮತ್ತು ಹೊಳ್ಳೆಗಳ ಪಕ್ಕದ ಮಡಿಕೆಯಲ್ಲಿ ಸಣ್ಣ ಸಣ್ಣ ಚುಕ್ಕಿ. ದೂರದಿಂದ ಕಾಣುವುದಿಲ್ಲ. ಆದರೆ ಆಫೀಸಿನ ಲಿಫ್ಟಿನ ಕನ್ನಡಿಯಲ್ಲಿ, ಆ ಬಿಳಿ ಲೈಟಿಗೆ, ಒಂದೊಂದನ್ನೂ ಎಣಿಸಬಹುದು. ಸ್ನಾನ ಆದ ಮೇಲೆ ಎರಡು ಬೆರಳಲ್ಲಿ ಒತ್ತಿದರೆ ಶಾವಿಗೆ ಎಳೆ ಥರ ಬಿಳಿ ದಾರ ಹೊರಗೆ ಬರುತ್ತದೆ. ತೆಗೆದ ದಿನ ಖುಷಿ. ಸ್ವಲ್ಪ ದಿನಕ್ಕೆ ಯಥಾಪ್ರಕಾರ.

ಪೋರ್ ಸ್ಟ್ರಿಪ್ ಹಾಕಿ ನೋಡಿದ್ದೇನೆ, ಅಕ್ರೋಟ್ ಸಿಪ್ಪೆಯ ಸ್ಕ್ರಬ್ ಉಜ್ಜಿದ್ದೇನೆ, ಪಾರ್ಲರ್‌ನಲ್ಲಿ ಕ್ಲೀನಪ್ ಮಾಡಿಸಿದ್ದೇನೆ. ಈಗ ರೂಮ್‌ಮೇಟ್ ಚುಕ್ಕಿ ಹೀರಿ ತೆಗೆಯುವ ವ್ಯಾಕ್ಯೂಮ್ ಮೆಷಿನ್ ತಗೋ ಅನ್ನುತ್ತಿದ್ದಾಳೆ. ದುಡ್ಡು ಸುರಿಯುವ ಮೊದಲು ಇಲ್ಲಿ ಕೇಳೋಣ ಅನಿಸಿತು. ಪೂರ್ತಿ ಹೋಗುವ ದಾರಿ ಏನಾದರೂ ಇದೆಯಾ?

ಬೀರೂರು_ಬಾಲಕ
ಹಿಂಡಬೇಡಿ ಅಂತ ಹೇಳೋಣ ಅಂತ ಬಂದೆ. ಬೇಡ ಬಿಡಿ, ಹೇಳಿದರೂ ಯಾರೂ ಕೇಳುವುದಿಲ್ಲ.

ಶೆಟ್ಟರ_ಸೊಸೆ
ಇಷ್ಟಕ್ಕೆಲ್ಲ ಮೆಷಿನ್ ಯಾಕಮ್ಮಾ? ಕಡ್ಲೆಹಿಟ್ಟು, ಚಿಟಿಕೆ ಅರಿಶಿನ, ಗಟ್ಟಿ ಮೊಸರು. ಕಲಸಿ ಹಚ್ಚಿ, ಅರ್ಧ ಒಣಗಿದಾಗ ಒದ್ದೆ ಕೈಯಲ್ಲಿ ಮೆಲ್ಲಗೆ ಉಜ್ಜಿ ತೊಳೆಯಿರಿ. ವಾರಕ್ಕೆ ಎರಡು ಸಲ ಸಾಕು. ನಮ್ಮತ್ತೆಗೆ ಎಪ್ಪತ್ತು ದಾಟಿದೆ, ಮೂಗು ಈಗಲೂ ಫಳಫಳ ಅನ್ನುತ್ತದೆ. ಜಾಸ್ತಿ ಇದ್ದರೆ ನಿಂಬೆ ಹೋಳಿಗೆ ಸಕ್ಕರೆ ಅದ್ದಿ ಉಜ್ಜಿ, ಒಂದೇ ಸಲಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ.

ಪಿಎಚ್_ಐದೂವರೆ
ಅಕ್ಕ, ಕಡ್ಲೆಹಿಟ್ಟಿನ ತನಕ ನನ್ನದೇನೂ ತಕರಾರಿಲ್ಲ. ನಿಂಬೆ ಸಕ್ಕರೆ ಮಾತ್ರ ದಯವಿಟ್ಟು ಬೇಡ. ನಿಂಬೆರಸದ ಪಿಎಚ್ (ಹುಳಿಯ ಅಳತೆ, ಅಂಕ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಸಕ್ಕರೆ ಹರಳಲ್ಲಿ ಮೊದಲು ಗೀರುವುದು, ಆಮೇಲೆ ಆ ಗೀರಿಗೇ ಹುಳಿ ಬಿಡುವುದು. ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ! ಮೇಲಾಗಿ ನಿಂಬೆರಸ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗಾಗಿ ಕಪ್ಪು ಕಲೆ ನಿಲ್ಲಬಹುದು.

ಇನ್ನೊಂದು ಮಾತು. ಅದು ಕಪ್ಪಗಿರುವುದು ಕೊಳೆಯಿಂದ ಅಲ್ಲ. ರಂಧ್ರದೊಳಗೆ ಎಣ್ಣೆಯೂ ಸತ್ತ ಚರ್ಮದ ಕೋಶಗಳೂ ಸೇರಿ ಗಟ್ಟಿಯಾಗುತ್ತವೆ. ಬಾಯಿ ತೆರೆದಿದ್ದರೆ ಗಾಳಿ ತಾಗಿ ಮೇಲಿನ ಭಾಗ ಆಕ್ಸಿಡೈಸ್ ಆಗುತ್ತದೆ, ಜೊತೆಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದರಲ್ಲಿರುತ್ತದೆ. ಹಾಗಾಗಿ ಕಪ್ಪು. ಬಾಯಿ ಮುಚ್ಚಿದ್ದರೆ ಅದೇ ವೈಟ್‌ಹೆಡ್. ದಿನಕ್ಕೆ ಐದು ಸಲ ಮುಖ ತೊಳೆದರೂ ಆ ಕಪ್ಪು ಹೋಗುವುದಿಲ್ಲ, ಮುಖ ಒಣಗುತ್ತದೆ ಅಷ್ಟೇ.

ಶೆಟ್ಟರ_ಸೊಸೆ
ನಮ್ಮತ್ತೆಗೆ ಪಿಎಚ್ ಗೊತ್ತಿಲ್ಲ. ಮೂಗು ಚೆನ್ನಾಗಿದೆ.

ಹುಬ್ಳಿ_ಗಿರ್ಮಿಟ್
ಅತ್ತೆಯವರ ಫೋಟೋ ಹಾಕ್ರೀ, ತೀರ್ಮಾನ ಮಾಡೋಣ 😄

ಡರ್ಮಾ_ರೆಸಿಡೆಂಟ್
ಚರ್ಮರೋಗ ವಿಭಾಗದಲ್ಲಿ ಓದುತ್ತಿದ್ದೇನೆ. ಫೋಟೋ ಇಲ್ಲದೆ, ಮುಖ ನೋಡದೆ ಇದೇ ಅಂತ ಹೇಳಲಾರೆ. ಆದರೆ ತಿಪಟೂರು ಅವರು ಬರೆದ ರೀತಿ ನೋಡಿದರೆ ಅದರಲ್ಲಿ ಬಹುಪಾಲು ಬ್ಲ್ಯಾಕ್‌ಹೆಡ್ಸೇ ಅಲ್ಲ ಅನಿಸುತ್ತದೆ.

ಮೂಗಿನಲ್ಲಿ ಎಣ್ಣೆ ಗ್ರಂಥಿಗಳು ದೊಡ್ಡವು, ದಟ್ಟವಾಗಿಯೂ ಇರುತ್ತವೆ. ಆ ಎಣ್ಣೆ ಮೇಲೆ ಬರುವ ದಾರಿಯ ಒಳಗೋಡೆಗೆ ಅಂಟಿಕೊಂಡು ತೆಳ್ಳಗಿನ ಎಳೆ ಇರುತ್ತದೆ. ಸೆಬೇಶಿಯಸ್ ಫಿಲಮೆಂಟ್ ಅನ್ನುತ್ತೇವೆ. ಅದು ರೋಗ ಅಲ್ಲ, ಚರ್ಮದ ಭಾಗವೇ. ಎಲ್ಲರಿಗೂ ಇರುತ್ತದೆ, ಎಣ್ಣೆ ಚರ್ಮದವರಿಗೆ ಎದ್ದು ಕಾಣುತ್ತದೆ. ಹಿಂಡಿದರೆ ಬರುವ ಬಿಳಿ ಅಥವಾ ಹಳದಿ ದಾರ ಅದೇ. ತೆಗೆದರೆ ಸುಮಾರು ಒಂದು ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ತುಂಬಲೇಬೇಕು, ಅದರ ಕೆಲಸವೇ ಅದು.

ಗುರುತಿಸುವುದು ಹೇಗೆ? ಬೂದು ಬಣ್ಣ, ಎಲ್ಲ ಚುಕ್ಕಿಗಳೂ ಹೆಚ್ಚುಕಡಿಮೆ ಒಂದೇ ಗಾತ್ರ, ಸಾಲಾಗಿ ಒತ್ತೊತ್ತಾಗಿ ಇವೆ, ಬೆರಳಾಡಿಸಿದರೆ ನಯವಾಗಿದೆ ಅಂದರೆ ಫಿಲಮೆಂಟ್. ಅಲ್ಲೊಂದು ಇಲ್ಲೊಂದು, ಗಾಢ ಕಪ್ಪು, ಸ್ವಲ್ಪ ಉಬ್ಬಿದೆ, ಒತ್ತಿದರೆ ಗಟ್ಟಿ ಮುದ್ದೆ ಬರುತ್ತದೆ ಅಂದರೆ ಬ್ಲ್ಯಾಕ್‌ಹೆಡ್. ಎರಡೂ ಒಟ್ಟಿಗೆ ಇರುವುದು ಮಾಮೂಲು.

ತಿಪಟೂರು_ಕೊಬ್ಬರಿ
ಅಯ್ಯೋ ಡಾಕ್ಟ್ರೇ. ಅಂದರೆ ಇಷ್ಟು ದಿನ ನಾನು ತೆಗೆಯುತ್ತಿದ್ದದ್ದು ಇರಬೇಕಾದದ್ದನ್ನೇ?

ಡರ್ಮಾ_ರೆಸಿಡೆಂಟ್
ಹೆಚ್ಚಿನದು ಹೌದು. ಪೂರ್ತಿ ಹೋಗಿಸುವ ಯೋಚನೆ ಬಿಡಿ. ಕಾಣುವುದನ್ನು ಕಡಿಮೆ ಮಾಡಬಹುದು.

ಬ್ಯೂಟಿ_ಅಕ್ಕ_ಹಾಸನ
ಎಲ್ಲರೂ ಪಾರ್ಲರ್‌ನವರನ್ನು ಬೈಯುವ ಮೊದಲು ನಾನೇ ಬರುತ್ತೇನೆ. ಸ್ವಂತ ಪಾರ್ಲರ್ ಇದೆ, ಸುಮಾರು ವರ್ಷದಿಂದ ಇದೇ ಕೆಲಸ. ಡಾಕ್ಟ್ರು ಹೇಳಿದ್ದು ನಿಜ. ಗಿರಾಕಿಗೆ ನಾವೂ ಹೇಳುತ್ತೇವೆ, ಕೇಳುವುದಿಲ್ಲ. "ಎಲ್ಲಾ ತೆಗೀರಿ ಮೇಡಂ, ನಾಡಿದ್ದು ಎಂಗೇಜ್‌ಮೆಂಟ್" ಅಂತ ಬರುತ್ತಾರೆ.

ಸರಿಯಾಗಿ ಮಾಡಿದರೆ ಎಕ್ಸ್‌ಟ್ರಾಕ್ಷನ್, ಅಂದರೆ ಒತ್ತಿ ತೆಗೆಯುವುದು, ತಪ್ಪಲ್ಲ. ಸ್ಟೀಮ್ ಐದು ನಿಮಿಷಕ್ಕಿಂತ ಜಾಸ್ತಿ ಕೊಡುವುದಿಲ್ಲ. ಬೆರಳಿಗೆ ಟಿಶ್ಯೂ ಸುತ್ತಿಕೊಳ್ಳಬೇಕು, ಉಗುರು ತಾಗಲೇಬಾರದು. ಚುಕ್ಕಿ ತೆಗೆಯುವ ಲೋಹದ ಕಡ್ಡಿಯ ತುದಿಯಲ್ಲಿ ಬಳೆ ಇದೆಯಲ್ಲ, ಅದನ್ನು ಚುಕ್ಕಿಯ ಸುತ್ತ ನೇರ ಇಟ್ಟು ಒಂದೇ ಸಮ ಒತ್ತಬೇಕು. ಬರಲಿಲ್ಲವಾ, ಬಿಟ್ಟುಬಿಡಬೇಕು. ಅಲ್ಲೇ ಎಳೆದು ಎಳೆದು ಒತ್ತಿದರೆ ಒಳಗೇ ಒಡೆದು ಮಾರನೇ ದಿನ ಕೆಂಪು ಗಡ್ಡೆ ಏಳುತ್ತದೆ. ಒಬ್ಬರಿಗೆ ಬಳಸಿದ ಕಡ್ಡಿ ಕುದಿಸದೆ ಇನ್ನೊಬ್ಬರಿಗೆ ಮುಟ್ಟಿಸಬಾರದು. ಎಲ್ಲಿಗೇ ಹೋಗಿ, ಕಡ್ಡಿ ಎಲ್ಲಿಂದ ತೆಗೆಯುತ್ತಾರೆ ಅಂತ ಮೊದಲು ನೋಡಿ. ಏಪ್ರನ್ ಜೇಬಿಂದ ತೆಗೆದರೆ ಎದ್ದು ಬನ್ನಿ.

ಪಿಎಚ್_ಐದೂವರೆ
ಸ್ಟೀಮ್ ಕೊಟ್ಟರೆ ರಂಧ್ರ ತೆರೆಯುತ್ತದೆ, ಐಸ್ ಇಟ್ಟರೆ ಮುಚ್ಚುತ್ತದೆ ಅನ್ನುವುದು ಸುಳ್ಳು. ರಂಧ್ರದ ಬಾಯಿಗೆ ತೆರೆದು ಮುಚ್ಚುವ ಸ್ನಾಯುವೇ ಇಲ್ಲ.

ಬ್ಯೂಟಿ_ಅಕ್ಕ_ಹಾಸನ
ತೆರೆಯುತ್ತದೆ ಅಂತ ನಾನು ಎಲ್ಲಿ ಬರೆದೆ ತಮ್ಮ? ಮೇಲಿನ ಪದರ ಮೆತ್ತಗಾಗುತ್ತದೆ, ಒಳಗಿನ ಜಿಡ್ಡು ಸಡಿಲ ಆಗುತ್ತದೆ. ಐಸ್ ಊತ ಇಳಿಸುತ್ತದೆ. ನಾನು ಬರೆದದ್ದನ್ನು ಓದದೆ ತಿದ್ದಬೇಡಿ.

ಡರ್ಮಾ_ರೆಸಿಡೆಂಟ್
ಅಕ್ಕ ಹೇಳಿದ್ದೇ ಸರಿ.

ಹುಬ್ಳಿ_ಗಿರ್ಮಿಟ್
ಹಾಸನ 1, ಪಿಎಚ್ 0.

ಕಡಲತಡಿ_ಕುಂದಾಪುರ
ಸ್ಟ್ರಿಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಅದನ್ನು ಕಿತ್ತ ಮೇಲೆ ಹಿಂಬದಿಯಲ್ಲಿ ಮುಳ್ಳು ಮುಳ್ಳು ಎದ್ದು ನಿಂತದ್ದನ್ನು ಬೆಳಕಿಗೆ ಹಿಡಿದು ನೋಡುವುದುಂಟಲ್ಲ, ಅದರಷ್ಟು ಸಮಾಧಾನ ಲೋಕದಲ್ಲಿ ಬೇರೆ ಇಲ್ಲ.

ಪಿಎಚ್_ಐದೂವರೆ
ಜಪಾನಿನ ಕಾವೋ ಕಂಪನಿ 1990ರ ದಶಕದಲ್ಲಿ ತಂದದ್ದು ಅದು. ನೀರು ತಾಗಿದಾಗ ಅಂಟುವ ಪಾಲಿಮರ್, ಒಣಗುತ್ತಾ ಚುಕ್ಕಿಯ ತಲೆಯನ್ನು ಹಿಡಿದುಕೊಳ್ಳುತ್ತದೆ. ಬುಡ ಅಲ್ಲೇ ಉಳಿಯುತ್ತದೆ. ನೀವು ಬೆಳಕಿಗೆ ಹಿಡಿದು ನೋಡುವ ಮುಳ್ಳಲ್ಲಿ ಫಿಲಮೆಂಟು ಇದೆ, ಸತ್ತ ಚರ್ಮ ಇದೆ, ಸಣ್ಣ ಕೂದಲೂ ಇದೆ.

ಕಡಲತಡಿ_ಕುಂದಾಪುರ
ಸಮಾಧಾನಕ್ಕೂ ಪಾಲಿಮರ್ ಅಂತ ಹೆಸರಿಟ್ಟಿರಾ.

ಇಂಜಿನಿಯರಿಂಗ್_ಏಳನೇ_ಸೆಮ್
ನಮ್ಮ ಹಾಸ್ಟೆಲಿನಲ್ಲಿ ಒಬ್ಬ ವಿಡಿಯೋ ನೋಡಿ ಇದ್ದಿಲು ಪುಡಿಗೆ ಮರಗೆಲಸದ ಗೋಂದು ಕಲಸಿ ಮೂಗು, ಕೆನ್ನೆ, ಹುಬ್ಬಿನ ಅಂಚಿನವರೆಗೂ ಬಳಿದುಕೊಂಡ. ಒಣಗಲಿ ಅಂತ ಫ್ಯಾನ್ ಕೆಳಗೆ ಕೂತ. ಎಳೆದಾಗ ಬರಲಿಲ್ಲ. ಇನ್ನೊಬ್ಬ ಬಂದು ಒಂದು ಮೂಲೆ ಹಿಡಿದು ಎಳೆದ. ಎಡ ಹುಬ್ಬಿನ ಕಾಲುಭಾಗ ಅದರ ಜೊತೆ ಬಂತು. ಇಂಟರ್ನಲ್ಸ್ ಪರೀಕ್ಷೆಗೆ ಹುಬ್ಬಿನ ಮೇಲೆ ಬ್ಯಾಂಡೇಜ್ ಹಚ್ಚಿಕೊಂಡು ಹೋದ, ಇನ್ವಿಜಿಲೇಟರ್ ಪಾಪ ಆಕ್ಸಿಡೆಂಟ್ ಆಯ್ತೇನೋ ಅಂತ ಕೇಳಿದರು. ಬ್ಲ್ಯಾಕ್‌ಹೆಡ್ಸ್ ಇದ್ದ ಹಾಗೇ ಇದ್ದವು.

ಬೀರೂರು_ಬಾಲಕ
ಆ "ಒಬ್ಬ" ಯಾರು ಅಂತ ಗೊತ್ತಾಯಿತು ಬಿಡಿ.

ಇಂಜಿನಿಯರಿಂಗ್_ಏಳನೇ_ಸೆಮ್
ನಾನು ಮೂಲೆ ಹಿಡಿದು ಎಳೆದವನು.

ಕುವೆಂಪುನಗರ_ಕಾಫಿ
ನನಗೆ ಕೆಲಸ ಮಾಡಿದ್ದು ಸ್ಯಾಲಿಸಿಲಿಕ್ ಆಸಿಡ್. ಯಾಕೆ ಅಂದರೆ ಅದು ಎಣ್ಣೆಯಲ್ಲಿ ಕರಗುತ್ತದೆ, ಎಣ್ಣೆ ತುಂಬಿದ ರಂಧ್ರದೊಳಗೆ ಇಳಿಯುತ್ತದೆ. ಹಣ್ಣಿನ ಆಸಿಡ್‌ಗಳಾದರೆ ನೀರಿನಲ್ಲಿ ಕರಗುವಂಥವು, ಹೆಚ್ಚು ಮೇಲ್ಮೈಯಲ್ಲೇ ಕೆಲಸ. 2% ಇರುವುದು ಬೇಕಾದಷ್ಟು ಸಿಗುತ್ತದೆ.

ಫೇಸ್‌ವಾಶ್ ರೂಪದಲ್ಲಿ ತಗೊಂಡರೆ ನೊರೆ ಬಂದ ಕೂಡಲೇ ತೊಳೆದುಬಿಡುತ್ತೇವೆ, ಅದು ಒಳಗೆ ಇಳಿಯಲು ಪುರುಸೊತ್ತೇ ಇರುವುದಿಲ್ಲ. ಹಚ್ಚಿ ಬಿಡುವ ಸೀರಮ್ ಅಥವಾ ಲೋಷನ್ ವಾಸಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿಸಿ, ಮೂಗಿಗೆ ಮಾತ್ರ ತೆಳ್ಳಗೆ. ಮೊದಮೊದಲು ವಾರಕ್ಕೆ ಎರಡು ಮೂರು ರಾತ್ರಿ ಸಾಕು. ಮೇಲೆ ಮಾಯಿಶ್ಚರೈಸರ್. ಬೆಳಗ್ಗೆ ಸನ್‌ಸ್ಕ್ರೀನ್. ಮೂಗು ಸಿಪ್ಪೆ ಏಳುತ್ತಿದ್ದರೆ ನಾಲ್ಕು ದಿನ ನಿಲ್ಲಿಸಿ. ಆಸ್ಪಿರಿನ್ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಎರಡೂ ಒಂದೇ ಕುಟುಂಬ.

ಗದಗ_ಮೆಣಸಿನಕಾಯಿ
ಎಣ್ಣೆ ಮೂಗಿಗೆ ಮೇಲಿಂದ ಮಾಯಿಶ್ಚರೈಸರ್ ಬೇರೆ ಯಾಕೆ? ಇದ್ದ ಎಣ್ಣೆ ಸಾಲದೇ?

ಕುವೆಂಪುನಗರ_ಕಾಫಿ
ಚರ್ಮಕ್ಕೆ ಬೇಕಿರುವುದು ನೀರಿನ ಅಂಶ ಹಿಡಿದಿಡುವುದು, ಎಣ್ಣೆ ಅಲ್ಲ. ಆಸಿಡ್ ಹಚ್ಚಿ ಹಾಗೇ ಬಿಟ್ಟರೆ ಉರಿ, ತುರಿಕೆ. ಆಮೇಲೆ ಆಸಿಡ್ ಸರಿಯಿಲ್ಲ ಅಂತ ಬಿಸಾಕುತ್ತಾರೆ. ಜೆಲ್ ಥರದ್ದು ತಗೊಳ್ಳಿ, ಜಿಡ್ಡು ಅನಿಸುವುದಿಲ್ಲ.

ನ್ಯೂಜೆರ್ಸಿ_ನೀರುಳ್ಳಿ
ಇಲ್ಲಿ ಅಮೆರಿಕದಲ್ಲಿ ಅಡಾಪಲೀನ್ ಅನ್ನುವ ಮೊಡವೆ ಔಷಧಿಯ 0.1% ಜೆಲ್ 2016ರಿಂದ ಚೀಟಿ ಇಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ನಿಜವಾದ ಬ್ಲ್ಯಾಕ್‌ಹೆಡ್ಸ್‌ಗೆ ಅದೇ ಒಳ್ಳೆಯದು ಅಂತ ಇಲ್ಲಿನ ಡಾಕ್ಟರ್ ಹೇಳಿದರು. ರಂಧ್ರದೊಳಗೆ ಸತ್ತ ಕೋಶಗಳು ಒಂದಕ್ಕೊಂದು ಅಂಟಿ ಕಟ್ಟಿಕೊಳ್ಳುವುದನ್ನೇ ತಡೆಯುತ್ತದಂತೆ. ಊರಿಗೆ ಬಂದಾಗ ನಮ್ಮ ಅಕ್ಕನ ಮಗಳಿಗೆ ಎರಡು ಟ್ಯೂಬ್ ತಂದು ಕೊಟ್ಟೆ. ಅವಳು ಮೊದಲ ರಾತ್ರಿಯೇ ಕೋಲ್ಡ್ ಕ್ರೀಮ್ ಬಳಿದ ಹಾಗೆ ಬಳಿದುಕೊಂಡು ಬೆಳಗ್ಗೆ ಟೊಮೆಟೊ ಬಣ್ಣದಲ್ಲಿ ಎದ್ದಳು.

ಡರ್ಮಾ_ರೆಸಿಡೆಂಟ್
ಅಡಾಪಲೀನ್ ಹಚ್ಚುವ ಕ್ರಮ ಗೊತ್ತಿರಬೇಕು. ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು, ಅಷ್ಟೇ. ರಾತ್ರಿ ಮಾತ್ರ. ಒಂದು ದಿನ ಬಿಟ್ಟು ಒಂದು ದಿನದಿಂದ ಶುರು. ಮೂಗಿನ ಪಕ್ಕದ ಮಡಿಕೆಗೆ, ತುಟಿಯ ಮೂಲೆಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿಕೊಂಡರೆ ಅಲ್ಲಿ ಸುಡುವುದಿಲ್ಲ, ಯಾಕೆಂದರೆ ಜೆಲ್ ಹರಿದು ಬಂದು ಸೇರಿಕೊಳ್ಳುವುದೇ ಅಲ್ಲಿ. ಮೊದಲ ಕೆಲವು ವಾರ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಿಗೆ ಮೊಡವೆ ಜಾಸ್ತಿಯೂ ಆಗುತ್ತದೆ. ಫಲ ಕಾಣಲು 8ರಿಂದ 12 ವಾರ ಬೇಕು. ಹೆಚ್ಚಿನವರು ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ, ಅದೇ ತೊಂದರೆ.

ಬಸುರಿ ಆಗಿರುವವರು, ಆಗಬೇಕು ಅಂದುಕೊಂಡಿರುವವರು ಇದನ್ನು ಹಚ್ಚಬಾರದು. ಭಾರತದಲ್ಲಿ ಇದಕ್ಕೆ ಡಾಕ್ಟರ್ ಚೀಟಿ ಬೇಕು. ಚೀಟಿ ಬರೆಸಿಕೊಂಡೇ ತಗೊಳ್ಳಿ.

ಆರು_ತಿಂಗಳ_ಅಮ್ಮ
ಬಸುರಿ ಇದ್ದಾಗಲೇ ನನಗೆ ಮೂಗಿನ ಮೇಲೆ ಹೆಚ್ಚಾಗಿದ್ದು. ಆಗ ಏನು ಮಾಡಬೇಕಿತ್ತು ಹಾಗಾದರೆ?

ಡರ್ಮಾ_ರೆಸಿಡೆಂಟ್
ಅಜೆಲಾಯಿಕ್ ಆಸಿಡ್ ಅಂತ ಒಂದಿದೆ, ಬಸುರಿಯರಿಗೆ ನಾವು ಹೆಚ್ಚಾಗಿ ಬರೆಯುವುದು ಅದನ್ನೇ. ಅದೂ ನಿಮ್ಮ ಹೆರಿಗೆ ಡಾಕ್ಟರಿಗೆ ಒಂದು ಮಾತು ಹೇಳಿಯೇ.

ಮೆಡಿಕಲ್_ಸ್ಟೋರ್_ಮಂಜಣ್ಣ
ಚೀಟಿ ವಿಷಯ ಬಂತಲ್ಲ, ಅಂಗಡಿಯವನಾಗಿ ಹೇಳುತ್ತೇನೆ. "ಅಣ್ಣಾ, ಮುಖಕ್ಕೆ ಒಂದು ಕ್ರೀಮ್ ಕೊಡಿ" ಅಂತ ಬಂದವರಿಗೆ ಕೆಲವರು ಕೈಗೆ ಸಿಕ್ಕ ಟ್ಯೂಬ್ ಕೊಡುತ್ತಾರೆ. ಕೊಡಬಾರದು. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಮಾರುತ್ತಾರೆ, ಜನರೂ ಹಳೆ ಟ್ಯೂಬ್ ತಂದು ತೋರಿಸಿ ಇದೇ ಬೇಕು ಅಂತ ಜಗಳ ಮಾಡುತ್ತಾರೆ.

ಮಂಡ್ಯ_ಬೆಲ್ಲ
ಅದೇ ಆಗಿದ್ದು ನನಗೆ. ಮೂಗಿನ ಚುಕ್ಕಿಗೆ ಅಂತ ಕೇಳಿದ್ದು, ಕೊಟ್ಟಿದ್ದು ಮೂರು ಔಷಧಿ ಸೇರಿದ ಕ್ರೀಮ್. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್. ಯಾವ ಅಂಗಡಿ ಅಂತ ಹೇಳುವುದಿಲ್ಲ. ಮೊದಲು ಮುಖ ಬೆಳ್ಳಗೆ ನುಣ್ಣಗೆ ಆಯಿತು, ಮದುವೆ ಮನೆಯಲ್ಲೆಲ್ಲ ಏನು ಹಚ್ಚುತ್ತೀಯಾ ಅಂತ ಕೇಳಿದ್ದೇ ಕೇಳಿದ್ದು. ಹಚ್ಚುವುದು ನಿಲ್ಲಿಸಿದ ಕೂಡಲೇ ಉರಿ. ಒಲೆ ಮುಂದೆ ನಿಂತರೆ ಕೆನ್ನೆ ಕೆಂಡ. ಸಣ್ಣ ರಕ್ತನಾಳ ಕಾಣುವ ಹಾಗೆ ಚರ್ಮ ತೆಳ್ಳಗಾಗಿತ್ತು, ಮೇಲ್ದುಟಿಯ ಮೇಲೆ ಕೂದಲು ಬೇರೆ. ಚರ್ಮದ ಡಾಕ್ಟರ್ ಸರಿ ಮಾಡಲು ತಿಂಗಳುಗಟ್ಟಲೆ ತಗೊಂಡರು. ಮೂಗಿನ ಚುಕ್ಕಿಗಳ ಸುದ್ದಿಯೇ ಮರೆತುಹೋಗಿತ್ತು ಆ ಹೊತ್ತಿಗೆ.

ಡರ್ಮಾ_ರೆಸಿಡೆಂಟ್
ಒಪಿಡಿಯಲ್ಲಿ ಇಂಥ ಮುಖ ನೋಡದ ವಾರವೇ ಇಲ್ಲ. ಇದಕ್ಕೆ ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್ ಅಂತಲೇ ನಮ್ಮ ದೇಶದ ಡಾಕ್ಟರುಗಳು ಹೆಸರಿಟ್ಟಿದ್ದಾರೆ. ಈಗ ಹಚ್ಚುತ್ತಿರುವವರು ಹೆದರಿ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಹೋಗಿ.

ಗ್ಯಾರೇಜ್_ಗುರು_ಪೀಣ್ಯ
ಗಂಡಸರೂ ಇದ್ದೇವೆ ಇಲ್ಲಿ. ಗ್ರೀಸ್, ಕಟಿಂಗ್ ಆಯಿಲ್ ಜೊತೆ ಕೆಲಸ. ಮೂಗು, ಹಣೆ, ಮುಂಗೈ ಎಲ್ಲಾ ಕಡೆ ಕಪ್ಪು ಚುಕ್ಕಿ. ಸೀಮೆಎಣ್ಣೆಯಲ್ಲಿ ಒರೆಸಿಕೊಂಡರೆ ಹೋಗುತ್ತದೆ ಅಂತ ಸೀನಿಯರ್ ಹೇಳಿದರು.

ಡರ್ಮಾ_ರೆಸಿಡೆಂಟ್
ಸೀಮೆಎಣ್ಣೆ ಬೇಡವೇ ಬೇಡ ಗುರುಗಳೇ. ಚರ್ಮದ ಸ್ವಂತ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ, ಆಮೇಲೆ ಡರ್ಮಟೈಟಿಸ್, ಅಂದರೆ ಚರ್ಮದ ಉರಿಯೂತ. ಯಂತ್ರದ ಎಣ್ಣೆಯಿಂದ ಬರುವ ಮೊಡವೆ ಬೇರೆಯೇ ಇದೆ, ಆಯಿಲ್ ಆಕ್ನೆ ಅನ್ನುತ್ತೇವೆ. ತೋಳು, ತೊಡೆ, ಎಣ್ಣೆ ಅಂಟುವಲ್ಲೆಲ್ಲ ಬರುತ್ತದೆ. ಎಣ್ಣೆ ನೆನೆದ ಬಟ್ಟೆಯನ್ನು ಮಾರನೇ ದಿನ ಮತ್ತೆ ಹಾಕಬೇಡಿ. ಕೆಲಸ ಮುಗಿದ ಕೂಡಲೇ ಮಾಮೂಲಿ ಸೋಪು, ಉಗುರುಬೆಚ್ಚಗಿನ ನೀರು. ಗ್ರೀಸ್ ಕೈಯಲ್ಲಿ ಮೂಗು ಒರೆಸಿಕೊಳ್ಳುವ ಅಭ್ಯಾಸ ಬಿಡಿ.

ಗ್ಯಾರೇಜ್_ಗುರು_ಪೀಣ್ಯ
ಕೊನೆಯದು ಹೇಗೆ ಗೊತ್ತಾಯಿತು?

ಶೆಟ್ಟರ_ಸೊಸೆ
ಮಾಮೂಲಿ ಸೋಪು ಅಂದರೆ ಮೈಸೂರು ಸ್ಯಾಂಡಲ್. ಬೇರೆ ಮಾತಿಲ್ಲ.

ಪಿಎಚ್_ಐದೂವರೆ
ಹೆಚ್ಚಿನ ಬಾರ್ ಸೋಪುಗಳ ಪಿಎಚ್ 9, 10ರ ಹತ್ತಿರ ಇರುತ್ತದೆ. ಮೈಗೆ ಪರವಾಗಿಲ್ಲ, ಮುಖಕ್ಕೆ ಒಣಗಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ನೊರೆ ಬರುವುದಿಲ್ಲ, ಬಿಳಿ ಪದರ ಚರ್ಮದ ಮೇಲೇ ಕೂರುತ್ತದೆ.

ಕುವೆಂಪುನಗರ_ಕಾಫಿ
ಮೈಸೂರಿನವಳಾಗಿ ಸುಮ್ಮನಿರಲು ಆಗಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತು, ಮರ ರಾಶಿ ಬಿದ್ದಿತ್ತು. ಅದಕ್ಕೇ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯಲು ಶುರು ಮಾಡಿದ್ದು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಸೇರಿ ಕಟ್ಟಿದ್ದಕ್ಕೆ ಪಿಎಚ್ ಹಿಡಿದು ಬರುತ್ತೀರಲ್ಲ.

ಪಿಎಚ್_ಐದೂವರೆ
ಇತಿಹಾಸಕ್ಕೆ ಕೈ ಮುಗಿಯುತ್ತೇನೆ. ನಾನೂ ಅದನ್ನೇ ಬಳಸುವುದು, ಕತ್ತಿನಿಂದ ಕೆಳಗೆ.

ಹುಬ್ಳಿ_ಗಿರ್ಮಿಟ್
ಮೂಗಿನಿಂದ ಶುರುವಾಗಿ ಮಹಾಯುದ್ಧಕ್ಕೆ ಬಂದೆವು. ಯಾರಾದರೂ ವಾಪಸ್ ಕರಕೊಂಡು ಹೋಗ್ರಪ್ಪಾ.

ಕಡಲತಡಿ_ಕುಂದಾಪುರ
ನನ್ನದೊಂದು ಪ್ರಶ್ನೆ. ನಾವು ರಾತ್ರಿ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಮಲಗುವವರು. ತೆಂಗಿನೆಣ್ಣೆ ರಂಧ್ರ ಕಟ್ಟುತ್ತದೆ ಅಂತ ಬೆಂಗಳೂರಿನ ಮಗಳು ಬಾಟಲಿ ಎತ್ತಿಟ್ಟಿದ್ದಾಳೆ. ಊರಿಡೀ ಹಚ್ಚುತ್ತದೆ, ಯಾರಿಗೂ ಏನೂ ಆಗಲಿಲ್ಲ.

ಪಿಎಚ್_ಐದೂವರೆ
ಯಾವುದು ರಂಧ್ರ ಕಟ್ಟುತ್ತದೆ ಅನ್ನುವ ಪಟ್ಟಿಯಲ್ಲಿ 0ರಿಂದ 5ರವರೆಗೆ ಅಂಕ ಕೊಡುತ್ತಾರೆ, ತೆಂಗಿನೆಣ್ಣೆಗೆ 4. ಈ ಪಟ್ಟಿಗಳ ಮೂಲ ಮೊಲದ ಕಿವಿಯ ಪರೀಕ್ಷೆ. 1972ರಲ್ಲಿ ಅಮೆರಿಕದ ಸಂಶೋಧಕರಾದ ಕ್ಲಿಗ್‌ಮನ್ ಮತ್ತು ಮಿಲ್ಸ್ ಸೌಂದರ್ಯ ಸಾಮಗ್ರಿಗಳಿಂದ ಬರುವ ಮೊಡವೆಯ ಬಗ್ಗೆ ಬರೆದಾಗ ಅದನ್ನೇ ಬಳಸಿದ್ದರು. ಮೊಲದ ಕಿವಿ ನಮ್ಮ ಮುಖಕ್ಕಿಂತ ಬಲು ಸೂಕ್ಷ್ಮ. ಹಾಗಾಗಿ ಆ ಅಂಕವನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ನಿಮಗೆ ಏನೂ ತೊಂದರೆ ಆಗದಿದ್ದರೆ ಹಚ್ಚಿ. ಮಗಳಿಗೆ ಮೊಡವೆ ಬರುವ ಮುಖ ಆದರೆ ಅವಳು ಹಚ್ಚದೆ ಇರುವುದೇ ಸರಿ.

ಕಡಲತಡಿ_ಕುಂದಾಪುರ
ಮಗಳಿಗೆ ಓದಿ ಹೇಳಿದೆ. ಬಾಟಲಿ ಬಂತು. ಉಪಕಾರ ಆಯ್ತು ಮಾರಾಯ್ರೆ.

ಶಿರಸಿ_ಅಪ್ಪೆಹುಳಿ
ನನಗೊಂದು ವಿಚಿತ್ರ. ಮೂಗಿನ ತುದಿಯ ಚುಕ್ಕಿಗಳು ಮುಟ್ಟಿದರೆ ಚುಚ್ಚುತ್ತವೆ, ನಾಲ್ಕು ದಿನದ ಗಡ್ಡದ ಹಾಗೆ. ಸ್ಯಾಲಿಸಿಲಿಕ್ ಹಾಕಿ ಹಾಕಿ ಸಾಕಾಯಿತು, ಏನೂ ಆಗಲಿಲ್ಲ. ಒಂದನ್ನು ಚಿಮಟದಲ್ಲಿ ಎಳೆದೆ. ಮೇಣದ ಥರದ್ದರಲ್ಲಿ ಸಣ್ಣ ಸಣ್ಣ ಕೂದಲಿನ ಕಟ್ಟೇ ಬಂತು. ಒಂದು ರಂಧ್ರಕ್ಕೆ ಒಂದು ಕೂದಲು ಇರಬೇಕಲ್ವಾ?

ಡರ್ಮಾ_ರೆಸಿಡೆಂಟ್
ಒಳ್ಳೆಯ ಪ್ರಶ್ನೆ ಕೇಳಿದಿರಿ, ಇದನ್ನು ಎಷ್ಟೋ ಜನ ಬ್ಲ್ಯಾಕ್‌ಹೆಡ್ಸ್ ಅಂದುಕೊಂಡೇ ವರ್ಷಗಟ್ಟಲೆ ಹಿಂಡುತ್ತಾರೆ. ಟ್ರೈಕೋಸ್ಟೇಸಿಸ್ ಸ್ಪೈನುಲೋಸಾ ಇರಬಹುದು. ಉದುರಬೇಕಾದ ನವಿರು ಕೂದಲು ಉದುರದೆ ಅಲ್ಲೇ ಉಳಿದು, ಮುಂದಿನದ್ದೂ ಬಂದು ಸೇರಿ, ಒಂದೇ ರಂಧ್ರದಲ್ಲಿ ಹತ್ತಾರು ಕೂದಲು ಕಟ್ಟಾಗಿ ನಿಲ್ಲುತ್ತವೆ. ಡರ್ಮೋಸ್ಕೋಪ್ ಅನ್ನುವ ಭೂತಗನ್ನಡಿ ಇಟ್ಟು ನೋಡಿದರೆ ಕೂದಲ ಕುಚ್ಚು ಚೆನ್ನಾಗಿ ಕಾಣುತ್ತದೆ. ಅಪಾಯ ಏನಿಲ್ಲ. ಕಿತ್ತರೆ ಮತ್ತೆ ಬರುತ್ತದೆ. ಅಡಾಪಲೀನ್ ಥರದ ರೆಟಿನಾಯ್ಡ್ ಸ್ವಲ್ಪ ಸಹಾಯ ಮಾಡುತ್ತದೆ, ಕೂದಲು ತೆಗೆಯುವ ಲೇಸರ್‌ನಿಂದ ಹೆಚ್ಚು ಕಾಲ ತಡೆಯಬಹುದು. ನಮ್ಮ ಬಣ್ಣದ ಚರ್ಮಕ್ಕೆ ಲೇಸರ್ ತಿಳಿದವರಿಂದಲೇ ಆಗಬೇಕು, ಇಲ್ಲದಿದ್ದರೆ ಸುಟ್ಟ ಕಲೆ.

ಶಿರಸಿ_ಅಪ್ಪೆಹುಳಿ
ಹೆಸರು ಹೇಳಲು ಬರದಿದ್ದರೂ ಸಮಾಧಾನ ಆಯಿತು. ಅಷ್ಟು ಸ್ಕ್ರಬ್ ದಂಡ.

ಬ್ಯೂಟಿ_ಅಕ್ಕ_ಹಾಸನ
ಅದನ್ನು ನಾವೂ ನೋಡಿದ್ದೇವೆ ಡಾಕ್ಟ್ರೇ! ವ್ಯಾಕ್ಸ್ ಪಟ್ಟಿಯಲ್ಲಿ ಕಿತ್ತಾಗ ಬ್ರಷ್ಷಿನ ಎಳೆ ಥರ ಬರುತ್ತದೆ. ಏನು ಅಂತ ಇವತ್ತು ಗೊತ್ತಾಯಿತು.

ಗದಗ_ಮೆಣಸಿನಕಾಯಿ
ಮೂಗಿನ ಮೇಲಿನದ್ದನ್ನು ಹಿಂಡಿದರೆ ಮೆದುಳಿಗೆ ಏರಿ ಸಾಯುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವೇ?

ಡರ್ಮಾ_ರೆಸಿಡೆಂಟ್
ಪೂರ್ತಿ ಸುಳ್ಳಲ್ಲ, ಹೆದರಿಸಿದಷ್ಟು ನಿಜವೂ ಅಲ್ಲ. ಕಣ್ಣುಗಳ ನಡುವಿನ ಮೂಗಿನ ಬುಡದಿಂದ ತುಟಿಯ ಎರಡು ಮೂಲೆಯವರೆಗಿನ ತ್ರಿಕೋನದ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ಕ್ಯಾವರ್ನಸ್ ಸೈನಸ್ ಅನ್ನುವ ರಕ್ತದ ಕಾಲುವೆ ಜೊತೆ ಸಂಪರ್ಕ ಇದೆ. ಕೀವು ತುಂಬಿದ ಗುಳ್ಳೆಯನ್ನು ಅಲ್ಲಿ ಹಿಸುಕಿ ಸೋಂಕು ಒಳಗೆ ಹೋದರೆ ಜೀವಕ್ಕೆ ಅಪಾಯ ಆಗಬಹುದು. ಬಹಳ ಅಪರೂಪ. ಬ್ಲ್ಯಾಕ್‌ಹೆಡ್ ಒತ್ತಿದ್ದಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಕೆಂಪಗೆ ಊದಿ ನೋಯುವ ಗುಳ್ಳೆ ಇದ್ದರೆ ಕೈ ಹಚ್ಚಬೇಡಿ. ಅದರ ಜೊತೆ ಜ್ವರ, ಕಣ್ಣಿನ ಸುತ್ತ ಊತ ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ತಿಪಟೂರು_ಕೊಬ್ಬರಿ
ಇಷ್ಟೆಲ್ಲ ಓದಿ ತೀರ್ಮಾನ ಮಾಡಿದ್ದು: ಸ್ಕ್ರಬ್ ರೂಮ್‌ಮೇಟ್‌ಗೆ ಕೊಟ್ಟೆ, ಕಾಲಿನ ಹಿಮ್ಮಡಿಗೆ ಉಜ್ಜಿಕೊಳ್ಳುತ್ತಾಳಂತೆ. 2% ಸ್ಯಾಲಿಸಿಲಿಕ್ ತಂದಿದ್ದೇನೆ. ಹೊಳ್ಳೆ ಪಕ್ಕದ ಎರಡು ಮೂರು ಮಾತ್ರ ಗಾಢ ಕಪ್ಪು, ಅದನ್ನು ಡಾಕ್ಟರಿಗೆ ತೋರಿಸುತ್ತೇನೆ. ವ್ಯಾಕ್ಯೂಮ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಬ್ಯೂಟಿ_ಅಕ್ಕ_ಹಾಸನ
ಬೇಡ ತಂಗಿ. ಒಂದೇ ಕಡೆ ಹಿಡಿದರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿ ನೀಲಿ ವೃತ್ತ ಬೀಳುತ್ತದೆ. ಮೂಗಿನ ಮೇಲೆ ನೀಲಿ ರೌಂಡ್ ಇಟ್ಟುಕೊಂಡು ಒಬ್ಬಳು ಬಂದಿದ್ದಳು, ಮೇಕಪ್‌ನಲ್ಲಿ ಮುಚ್ಚಿ ಕಳಿಸಿದೆ.

ಮಂಡ್ಯ_ಬೆಲ್ಲ
ಅಕ್ಕ, ಮೂಗುಬೊಟ್ಟಿನ ಸುತ್ತ ಕಪ್ಪು ಕೂರುತ್ತದಲ್ಲ, ಅದಕ್ಕೂ ಸ್ಯಾಲಿಸಿಲಿಕ್ ಹಚ್ಚಬಹುದಾ?

ಬ್ಯೂಟಿ_ಅಕ್ಕ_ಹಾಸನ
ಅದು ಬೇರೆ. ಬೊಟ್ಟಿನ ಕೆಳಗೆ ಸೋಪು, ಕ್ರೀಮು, ಪೌಡರ್ ಎಲ್ಲಾ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಚುಚ್ಚಿಸಿ ವರ್ಷ ಆಗಿದ್ದರೆ ತಿರುಪು ಬಿಚ್ಚಿ, ಬೊಟ್ಟನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಹಾಕಿ, ಮೆತ್ತಗಿನ ಹಳೆ ಟೂತ್‌ಬ್ರಷ್ಷಿನಲ್ಲಿ ಹಿಂಬದಿ ಉಜ್ಜಿ. ಮೂಗಿಗೆ ಬ್ರಷ್ ಬೇಡ, ಒದ್ದೆ ಹತ್ತಿ ಸಾಕು. ಹೊಸದಾಗಿ ಚುಚ್ಚಿಸಿದ್ದರೆ ಬಿಚ್ಚಬೇಡಿ, ಬೇಗ ಕೂಡಿಕೊಳ್ಳುತ್ತದೆ.

ಮಂಡ್ಯ_ಬೆಲ್ಲ
ತಿರುಪು ಜಾರಿ ಸಿಂಕಿನ ತೂತಿಗೆ ಬಿತ್ತು 😭

ಗ್ಯಾರೇಜ್_ಗುರು_ಪೀಣ್ಯ
ನೀರು ಬಿಡಬೇಡಿ ಮೇಡಂ. ಸಿಂಕಿನ ಕೆಳಗೆ ಬಟ್ಟಲಿನ ಥರ ಒಂದು ಭಾಗ ಇರುತ್ತದೆ. ಅಡಿಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿ ಬಿಚ್ಚಿ, ಅದರಲ್ಲಿರುತ್ತದೆ.